ಅಣ್ಣನಿಗಿಂತ ಕಡಿಮೆ

ಅಣ್ಣನ ಆಪರೇಷನ್ನಿಗೆ ಹೋದದ್ದು ಒಂದು ಹಳೇ ಸ್ಕೂಟರು, ಹೆಂಡತಿಯ ಎರಡು ಬಳೆ, ಇಪ್ಪತ್ತು ದಿನದ ವ್ಯಾಪಾರ. ತಮ್ಮನ ಆಪರೇಷನ್ನಿಗೆ ಹೋದದ್ದು ಒಂದು ಕೋಣೆ. ಬಾಡಿಗೆ ಕೋಣೆಯಲ್ಲ, ಅಂಗಡಿಗೆ ಅಂಟಿಕೊಂಡು ಬೀದಿಗೆ ಬಾಗಿಲಿದ್ದ ಸ್ವಂತ ಕೋಣೆ. ಅದರಲ್ಲಿ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಮೇಜು, ಬಾಗಿಲ ಮೇಲೊಂದು ಬೋರ್ಡು ಎಂದು ಹಿರಿಸೊಸೆ ಏಳು ವರ್ಷ ಮನಸ್ಸಿನಲ್ಲೇ ಸಾಮಾನು ಜೋಡಿಸಿಟ್ಟಿದ್ದಳು. ಈಗ ಅಲ್ಲಿ ಮೊಬೈಲ್ ರಿಪೇರಿಯವನು ಕೂತು ಒಂಬತ್ತು ವರ್ಷವಾಯಿತು. ಬೆಳಿಗ್ಗೆ ಅವನ ಶಟರ್ ಏಳುವ ಸದ್ದು ಕೇಳಿದರೆ ಸಾಕು, ಆಕೆಯ ಹೊಟ್ಟೆಯೊಳಗೆ ಒಲೆ ಹತ್ತಿಕೊಳ್ಳುತ್ತಿತ್ತು.

ಅಣ್ಣತಮ್ಮಂದಿರದು ತಕ್ಕಡಿ ರಿಪೇರಿಯ ಕಸುಬು. ಮೂಟೆ ತೂಗುವ ದೊಡ್ಡ ತಕ್ಕಡಿಯಿಂದ ಹಿಡಿದು ಚಿನ್ನ ತೂಗುವ ಗಾಜಿನ ಪೆಟ್ಟಿಗೆಯವರೆಗೆ ಎಲ್ಲವೂ ಅವರ ಕಟ್ಟೆಗೆ ಬರುತ್ತಿದ್ದವು. ಚಿಕ್ಕವರಿದ್ದಾಗಲೇ ಅಪ್ಪ ದೊಡ್ಡವನನ್ನು ಕಲ್ಲು, ಚಿಕ್ಕವನನ್ನು ಮುಳ್ಳು ಎಂದು ಕರೆದಿದ್ದ. ಒಬ್ಬ ಇಟ್ಟಲ್ಲೇ ಇರುವ ತೂಕದ ಕಲ್ಲು. ಇನ್ನೊಬ್ಬ ಗಳಿಗೆ ನಿಲ್ಲದ ತಕ್ಕಡಿಯ ಮುಳ್ಳು. ಮೀಸೆ ನೆರೆತರೂ ಆ ಹೆಸರುಗಳು ಬಿಡಲಿಲ್ಲ. ಕಾಯಿಲೆಯೂ ಇಬ್ಬರಿಗೂ ಒಂದೇ ಬಂತು, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್.

ಕಲ್ಲುವಿಗೆ ಹನ್ನೊಂದು ವರ್ಷದ ಹಿಂದೆ ಸರಕಾರಿ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಗ್ರಂಥಿ ತೆಗೆದರು. ಎರಡು ವರ್ಷ ಬಿಟ್ಟು ಮುಳ್ಳುವಿನ ಸರದಿ ಬಂದಾಗ ದೊಡ್ಡ ಖಾಸಗಿ ಆಸ್ಪತ್ರೆಯೊಂದಕ್ಕೆ ರೋಬೋಟ್ ಯಂತ್ರ ಬಂದಿತ್ತು. ಅತ್ತೆ, "ಒಬ್ಬನ ನರಳಾಟ ನೋಡಿದ್ದು ಸಾಕು, ಇವನಿಗೆ ಯಂತ್ರದಲ್ಲೇ ಮಾಡಿಸಿ" ಅಂದಳು. ಕಲ್ಲು ಹೂಂ ಅಂದ. ಕೋಣೆ ಮಾರಿದರು. ಹಿರಿಸೊಸೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಕೆಯೂ ಹೂಂ ಅನ್ನುತ್ತಿದ್ದಳು. ಕೇಳಲಿಲ್ಲವಲ್ಲ, ಅದು ಮುಳ್ಳಾಗಿ ಉಳಿಯಿತು.

ಮುಳ್ಳು ಮೂರನೇ ದಿನಕ್ಕೆ ತಾನೇ ಮೆಟ್ಟಿಲು ಹತ್ತಿ ಮನೆಗೆ ಬಂದ. ಹೊಟ್ಟೆಯ ಮೇಲೆ ಅಂಗಿಯ ಗುಂಡಿಯಷ್ಟಗಲದ ಐದಾರು ಗಾಯ, ಅಷ್ಟೆ. ಮೂರು ತಿಂಗಳಿಗೆ ಮೂತ್ರ ಜಿನುಗುವುದೂ ನಿಂತಿತು. ಕಲ್ಲುವಿಗೆ ಇವತ್ತಿಗೂ ಕೆಮ್ಮಿದರೆ, ಭಾರ ಎತ್ತಿದರೆ ಜಿನುಗುತ್ತದೆ. ಹಳೇ ಹಾಸುಬಟ್ಟೆ ಕತ್ತರಿಸಿ, ಮಡಿಸಿ, ಹೊಲಿದ ಬಟ್ಟೆ ದಿನಕ್ಕೆ ಮೂರು ಬೇಕು. ಒಗೆಯುವವಳು ಹಿರಿಸೊಸೆ. ಹಿತ್ತಿಲ ಹಗ್ಗದ ಮೇಲೆ ಅವು ಒಣಗುವ ಹೊತ್ತಿಗೆ ಸರಿಯಾಗಿ ಕಿರಿಸೊಸೆ ತನ್ನ ಗಂಡನ ಬಿಳಿ ಅಂಗಿ ತರುತ್ತಿದ್ದಳು.

"ಸ್ವಲ್ಪ ಆ ಕಡೆ ಸರಿಸ್ಕೊಳ್ತೀರಾ ಅಕ್ಕಾ? ಅಂಗಿಗೆ ತಾಗುತ್ತೆ."

"ತಾಗಲಿ ಬಿಡೇ. ಅಂಗಿಗೂ ಮನೆಯವರ ಪರಿಚಯ ಆಗುತ್ತೆ."

ಆ ಮನೆಯಲ್ಲೊಂದು ಪದ್ಧತಿಯಿತ್ತು. ಗ್ರಂಥಿ ತೆಗೆದ ಮೇಲೆ ರಕ್ತದಲ್ಲಿ ಪಿಎಸ್‌ಎ ಅನ್ನುವುದು ಇಲ್ಲವೆನ್ನುವಷ್ಟು ಕಡಿಮೆ ಇರಬೇಕು; ಏರತೊಡಗಿದರೆ ಕಾಯಿಲೆ ಎಲ್ಲೋ ಉಳಿದುಕೊಂಡಿದೆ ಎಂದರ್ಥ. ವರ್ಷಕ್ಕೊಮ್ಮೆ ಸಾಕು ಎಂದು ಡಾಕ್ಟರು ಹೇಳಿದ ಮೇಲೂ ಅಣ್ಣತಮ್ಮಂದಿರು ಆರು ತಿಂಗಳಿಗೊಮ್ಮೆ, ಒಂದೇ ದಿನ, ಅವರವರ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದರು. ತಪಾಸಣೆಯಾದ ತಕ್ಕಡಿಗೆ ಮುದ್ರೆ ಹಾಕುತ್ತಾರಲ್ಲ, ಹಾಗೆ "ಮುದ್ರೆ ಹಾಕಿಸ್ಕೊಂಡು ಬಂದ್ವಿ" ಅನ್ನುತ್ತಿದ್ದ ಮುಳ್ಳು. ಎರಡು ವರದಿಯನ್ನೂ ಅಡುಗೆಮನೆಯ ಗೋಡೆಯಲ್ಲಿ ಒಂದೇ ತಂತಿಗೆ ಚುಚ್ಚುತ್ತಿದ್ದರು. ಹಾಗಾಗಿ ಪಲ್ಯಕ್ಕೆ ಒಗ್ಗರಣೆ ಹಾಕುವವರೆಲ್ಲ ಅದನ್ನು ಓದುವವರೇ.

ಕಲ್ಲುವಿನ ಚೀಟಿಯಲ್ಲಿ ಪ್ರತಿಸಲವೂ ಒಂದೇ ಸಾಲು: 0.1ಕ್ಕಿಂತ ಕಡಿಮೆ. ಮುಳ್ಳುವಿನ ಚೀಟಿಯಲ್ಲಿ 0.01, 0.01, 0.02.

"ಕಡಿಮೆ ಅಂದ್ರೆ ಎಷ್ಟು ಕಡಿಮೆ? ಕೂದಲೆಳೆಯಷ್ಟಿರಬೇಕು," ಎಂದು ಹಿರಿಸೊಸೆ ಗಂಡನ ಮುಂದೆ ಲೆಕ್ಕ ಒಪ್ಪಿಸುತ್ತಿದ್ದಳು. "ನಿಮ್ಮದು ಪಾಯಿಂಟ್ ಒಂದು. ಅವರದ್ದು ಪಾಯಿಂಟ್ ಸೊನ್ನೆ ಒಂದು. ಹತ್ತು ಪಟ್ಟು ವ್ಯತ್ಯಾಸ ರೀ. ನನ್ನ ಕೋಣೆ ಅಲ್ಲಿ ಕೂತು ಮಾತಾಡ್ತಿದೆ."

"ಮಾತಾಡಲಿ. ಬಾಡಿಗೆ ಏನಾದ್ರೂ ಕೊಡುತ್ತಾ ಕೇಳು," ಅನ್ನುತ್ತಿದ್ದ ಕಲ್ಲು.

ಹೋದ ವರ್ಷ ಮುಳ್ಳುವಿನ ಚೀಟಿಯಲ್ಲಿ 0.05 ಬಂತು. "ಯಾಕೋ ಏರಿದೆ, ಡಾಕ್ಟರಿಗೆ ತೋರಿಸಿ ಬರ್ಲಾ?" ಎಂದು ಅವನು ಊಟಕ್ಕೆ ಕೂತಾಗ ಕೇಳಿದ. ಆ ಡಾಕ್ಟರ ಫೀಸು ಎಂದರೆ ಮನೆಯ ಒಂದು ವಾರದ ತರಕಾರಿ. ಹಿರಿಸೊಸೆ ಅನ್ನದ ಪಾತ್ರೆಯನ್ನು ಕುಕ್ಕಿದಂತೆ ಇಟ್ಟು ಅಂದಳು: "ಯಾಕಪ್ಪ ದಂಡಕ್ಕೆ? ಏರಿದ್ರೂ ಇನ್ನೂ ನಿಮ್ಮಣ್ಣನಿಗಿಂತ ಅರ್ಧ ಕಡಿಮೆ ಇದೆ. ನಿಮ್ಮಣ್ಣ ಬದುಕಿಲ್ವಾ?"

ಎಲ್ಲರೂ ನಕ್ಕರು. ಮುಳ್ಳುವಿಗೂ ಆ ಮಾತು ಹಿತವಾಯಿತು. ವರದಿಯ ಪಕ್ಕದಲ್ಲೂ ನಾಲ್ಕರೊಳಗಿದ್ದರೆ ಸರಿ ಎಂದು ಅಚ್ಚಾಗಿತ್ತು; ಅದು ಗ್ರಂಥಿಯಿದ್ದವರ ಲೆಕ್ಕ ಎಂದು ಯಾರಿಗೂ ಹೊಳೆಯಲಿಲ್ಲ. ಆರು ತಿಂಗಳ ನಂತರ 0.09 ಬಂದಾಗ ಯಾರೂ ಹೇಳಬೇಕಾಗಲಿಲ್ಲ, ತಂತಿಗೆ ಚುಚ್ಚುತ್ತ ಅವನೇ ಅಂದ, "ಇನ್ನೂ ಅಣ್ಣನಿಗಿಂತ ಕಡಿಮೆ."

ಈ ಸಲ ರಕ್ತ ಕೊಟ್ಟು ಬಂದು ಐದು ವಾರವಾದರೂ ತಂತಿಯಲ್ಲಿ ಕಲ್ಲುವಿನ ಹೊಸ ಚೀಟಿ ಮಾತ್ರ ನೇತಾಡುತ್ತಿತ್ತು.

ಹಿರಿಸೊಸೆ ಮೊದಲ ವಾರ ಸುಮ್ಮನಿದ್ದಳು. ಎರಡನೇ ವಾರ ತಂತಿಯ ಧೂಳು ಒರೆಸುವ ನೆವದಲ್ಲಿ ಒಂದೊಂದೇ ಚೀಟಿ ತಿರುವಿದಳು. ಮೂರನೇ ವಾರ ಆಕೆಗೆ ಅರ್ಥವಾಯಿತು, ಅಂದರೆ ಅರ್ಥವಾಯಿತೆಂದು ಆಕೆ ತಿಳಿದಳು. ಸಂಖ್ಯೆ ಪೂರಾ ಸೊನ್ನೆಗೆ ಇಳಿದಿರಬೇಕು. ತನ್ನ ಕಣ್ಣು ಬಿದ್ದೀತೆಂದು ಗಂಡಹೆಂಡಿರು ಮುಚ್ಚಿಟ್ಟುಕೊಂಡಿದ್ದಾರೆ. ಕಿರಿಸೊಸೆ ಈಚೆಗೆ ಮುಖ ಕೊಟ್ಟು ಮಾತಾಡದಿದ್ದುದಕ್ಕೂ, ಮುಳ್ಳು ಎರಡು ತುತ್ತಿಗೆ ಏಳುವುದಕ್ಕೂ ಆ ಲೆಕ್ಕ ಸರಿಹೋಯಿತು. ಹೊಟ್ಟೆಕಿಚ್ಚಿನವರ ಲೆಕ್ಕ ಯಾವಾಗಲೂ ಸರಿಯಾಗಿಯೇ ಬರುತ್ತದೆ.

ಅಂಗಡಿಗೆ ರಜೆಯಿದ್ದ ದಿನ ಮಧ್ಯಾಹ್ನ ಆರು ಜನರೂ ಊಟಕ್ಕೆ ಕೂತಿದ್ದರು: ಅತ್ತೆ, ಇಬ್ಬರು ಗಂಡಸರು, ಇಬ್ಬರು ಸೊಸೆಯರು, ಮುಳ್ಳುವಿನ ಮಗಳು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗಳನ್ನೆಲ್ಲ ಬಿಚ್ಚಿ ಕೂಡಿಸುವವಳು ಆ ಹುಡುಗಿಯೇ. ಹಿರಿಸೊಸೆ ಮೈದುನನ ತಟ್ಟೆಗೆ ಬೇಳೆ ಬಡಿಸುತ್ತ ಮಾತು ತೆಗೆದಳು.

"ಈ ಸಲ ಮುದ್ರೆ ಬೀಳಲಿಲ್ವೇನಪ್ಪ?"

"ಬಿತ್ತು ಅತ್ತಿಗೆ."

"ಮತ್ತೆ ಚೀಟಿ?"

"ಎಲ್ಲೋ ಇದೆ."

"ಎಲ್ಲೋ ಯಾಕಿರಬೇಕು? ತಂತಿ ತುಂಬಿ ಹೋಯ್ತಾ? ಒಳ್ಳೇದಾದ್ರೆ ನಾವೂ ಸಂತೋಷ ಪಡ್ತೀವಿ. ನನ್ನ ಕಣ್ಣೇನು ಕೊಳ್ಳಿಯಾ, ಬಿದ್ದ ಕೂಡಲೇ ಸುಟ್ಟು ಹೋಗೋಕೆ?"

"ಅಕ್ಕಾ, ಊಟದ ಹೊತ್ತಲ್ಲಿ ಬೇಡ," ಅಂದಳು ಕಿರಿಸೊಸೆ.

"ನಿನಗೆ ಯಾವ ಹೊತ್ತೂ ಬೇಡ ಕಣೇ. ಕೋಣೆ ಮಾರೋವಾಗ ಮಾತ್ರ ಎಲ್ಲಾ ಹೊತ್ತೂ ಬೇಕಿತ್ತು."

ಮುಳ್ಳು ಎದ್ದ. ಕೈ ತೊಳೆಯದೆ ಮಾಳಿಗೆಗೆ ಹೋಗಿ ಬಂದು ನಾಲ್ಕು ಮಡಿಕೆಯಾಗಿದ್ದ ಕಾಗದವನ್ನು ಅತ್ತಿಗೆಯ ತಟ್ಟೆಯ ಪಕ್ಕ ಇಟ್ಟ. ಕಾಗದಕ್ಕೆ ಬೇಳೆಯ ಬೆರಳಚ್ಚು ಅಂಟಿತ್ತು. 0.21.

ಹಿರಿಸೊಸೆ ಸಂಖ್ಯೆಯನ್ನು ಎರಡು ಸಲ ಓದಿ, ಇನ್ನೊಂದು ಸೌಟು ಅನ್ನ ಹಾಕಿಕೊಂಡಳು. ಆಮೇಲೆ ಎಷ್ಟೋ ದಿನ ಆ ಸೌಟು ಅನ್ನ ಆಕೆಗೆ ನೆನಪಾಗುತ್ತಿತ್ತು.

"ಇಷ್ಟಕ್ಕೆ ಮುಚ್ಚಿಡಬೇಕಾ?" ಅಂದಳು. "ಪಾಯಿಂಟ್ ಎರಡು ತಾನೇ. ನಿಮ್ಮಣ್ಣನದು ಹನ್ನೊಂದು ವರ್ಷದಿಂದ ಪಾಯಿಂಟ್ ಒಂದಿದೆ. ಏನಾಗಿದೆ?"

ಆಗ ಮೂಲೆಯಲ್ಲಿ ಮೆತ್ತಗೆ ಅಗಿಯುತ್ತಿದ್ದ ಅತ್ತೆ ತಲೆಯೆತ್ತಿದಳು. ಎಂಬತ್ತನಾಲ್ಕರ ಹೆಂಗಸು, ಗಂಡ ಹೋದ ಮೇಲೆ ಹತ್ತು ವರ್ಷ ತಾನೇ ಕಟ್ಟೆಯಲ್ಲಿ ಕೂತು ತಕ್ಕಡಿ ಸರಿಮಾಡಿದವಳು.

"ದೊಡ್ಡವನ ರಕ್ತ ನೋಡೋ ಯಂತ್ರ ಎಷ್ಟರಿಂದ ತೋರಿಸುತ್ತೆ?"

"ಪಾಯಿಂಟ್ ಒಂದರಿಂದ ಅಜ್ಜಿ. ಅದಕ್ಕಿಂತ ಕೆಳಗಿದ್ರೆ ತೋರಿಸಲ್ಲ," ಅಂದಳು ಹುಡುಗಿ.

"ಚಿಕ್ಕವನದು?"

"ಪಾಯಿಂಟ್ ಸೊನ್ನೆ ಒಂದರಿಂದ."

"ಮೂಟೆ ತೂಗೋ ತಕ್ಕಡಿ ಮೇಲೆ ಉಂಗುರ ಇಡಿ, ಸೊನ್ನೆ ಅನ್ನುತ್ತೆ. ಚಿನ್ನದ ತಕ್ಕಡಿ ಮೇಲಿಡಿ, ಮೂರು ಗ್ರಾಂ ಅನ್ನುತ್ತೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಿಡಿದ ಗಿರಾಕಿಗೆ ನಿಮ್ಮಪ್ಪ ಏನಂತಿದ್ರು?"

ಕಲ್ಲು ತಟ್ಟೆ ನೋಡುತ್ತ ಹೇಳಿದ, "ಮೊದಲು ಮನೆಗೆ ಹೋಗಿ ಮಜ್ಜಿಗೆ ಕುಡಿದು ಬಾ ಅಂತಿದ್ರು."

"ಇಬ್ಬರು ತಕ್ಕಡಿ ಮಕ್ಕಳು, ಇಬ್ಬರು ತಕ್ಕಡಿ ಸೊಸೇರು. ಎಲ್ಲರೂ ಹೋಗಿ ಮಜ್ಜಿಗೆ ಕುಡೀರಿ."

ಹುಡುಗಿ ಎದ್ದು ತಂತಿಯಿಂದ ಅಪ್ಪನ ಚೀಟಿಗಳನ್ನಷ್ಟೇ ಬಿಡಿಸಿ ನೆಲದ ಮೇಲೆ ಸಾಲಾಗಿ ಇಟ್ಟಳು. ಏಳೆಂಟು ವರ್ಷದ 0.01, 0.02, ಆಮೇಲೆ 0.05, 0.09, ಕೊನೆಗೆ ತಟ್ಟೆಯ ಪಕ್ಕದಲ್ಲಿದ್ದ 0.21. ಅಣ್ಣನ ಚೀಟಿ ಮಧ್ಯದಲ್ಲಿ ಇಲ್ಲದಿದ್ದಾಗ ಅದು ಮಗುವಿಗೂ ಕಾಣುವಂತಿತ್ತು. ಪ್ರತಿ ಆರು ತಿಂಗಳಿಗೆ ಸುಮಾರು ಇಮ್ಮಡಿಯಾಗುತ್ತ ಬಂದಿತ್ತು.

"ಅಪ್ಪ, ಪಾಯಿಂಟ್ ಸೊನ್ನೆ ಐದಕ್ಕೇ ಡಾಕ್ಟರ ಹತ್ರ ಹೋಗ್ಬೇಕಿತ್ತು. ಯಾಕೆ ಹೋಗಲಿಲ್ಲ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಹಿರಿಸೊಸೆ ತಟ್ಟೆಗಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಇನ್ನೂ ಇಬ್ಬರ ಊಟ ಮುಗಿದಿರಲಿಲ್ಲ.

ಖಾಸಗಿ ಆಸ್ಪತ್ರೆಯ ಡಾಕ್ಟರು ಇನ್ನೊಮ್ಮೆ ರಕ್ತ ನೋಡಿಸಿದರು. 0.24. ಕಾಯಿಲೆ ಮರಳಿದೆ, ಗ್ರಂಥಿಯಿದ್ದ ಜಾಗಕ್ಕೆ ಬೇಗನೆ ವಿಕಿರಣ ಕೊಡಬೇಕು, ವಾರಕ್ಕೆ ಐದು ದಿನದಂತೆ ಮೂವತ್ತಮೂರು ಸಲ ಎಂದರು. ಖರ್ಚಿನ ಚೀಟಿಯನ್ನೂ ಬರೆದುಕೊಟ್ಟರು. ಮನೆಗೆ ಬಂದ ಮುಳ್ಳು ಅದನ್ನು ಗಲ್ಲಾಪೆಟ್ಟಿಗೆಯ ಅಡಿಗೆ ತಳ್ಳಿ, ಯಾರದೋ ತಕ್ಕಡಿಯ ತಟ್ಟೆ ಉಜ್ಜುತ್ತ ಕೂತ.

"ಯಾವಾಗ ಶುರು?" ಕಲ್ಲು ಕೇಳಿದ.

"ಮಾಡಿಸಲ್ಲ."

"ಯಾಕೆ?"

"ಒಂದು ಸಲ ಕೋಣೆ ನುಂಗಿದೀನಿ ಅಣ್ಣಾ. ಈಗ ಅಂಗಡಿ ನುಂಗ್ಲಾ? ಒಂಬತ್ತು ವರ್ಷ ಅತ್ತಿಗೆ ಬಾಯಲ್ಲಿ ಬಿದ್ದಿದ್ದು ಸಾಕು. ಸತ್ತ ಮೇಲೆ ಅನ್ನಿಸ್ಕೊಂಡ್ರೆ ಕಿವಿಗಾದ್ರೂ ಬೀಳಲ್ಲ."

ಹಿರಿಸೊಸೆ ಅಂಗಡಿಯ ಹಿಂಬಾಗಿಲಲ್ಲಿ ಟೀ ಹಿಡಿದು ನಿಂತಿದ್ದಳು. ಒಂದು ಲೋಟ ಗಂಡನಿಗೆ ಕೊಟ್ಟಳು, ಒಂದು ಮೈದುನನ ಮುಂದಿಟ್ಟಳು. ಒಳಗೆ ಹೋಗಿ ಸೀರೆಯ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

ಆಕೆ ಹೋದದ್ದು ಸರಕಾರಿ ಆಸ್ಪತ್ರೆಗೆ. ಹನ್ನೊಂದು ವರ್ಷದಲ್ಲಿ ಆ ಆಸ್ಪತ್ರೆಯ ಒಳಹೊರಗು ಆಕೆಗೆ ಅಂಗೈ ಗೆರೆಯಾಗಿತ್ತು. ಯಾವ ಕಿಟಕಿಯಲ್ಲಿ ಬೇಗ ಚೀಟಿ ಕೊಡುತ್ತಾರೆ, ಯಾವ ಗುಮಾಸ್ತೆಗೆ ಬೆಳಿಗ್ಗೆ ಮಾತಾಡಿಸಿದರೆ ಸಿಟ್ಟು, ವಿಕಿರಣದ ಪಟ್ಟಿಯಿಂದ ಯಾರಾದರೂ ಬಿಟ್ಟುಹೋದರೆ ಆ ಜಾಗ ಯಾವ ದಿನ ತುಂಬುತ್ತಾರೆ, ಎಲ್ಲ ಗೊತ್ತು. ಮೂರು ದಿನ ಓಡಾಡಿದಳು. ಲಂಚ ಕೊಡಲಿಲ್ಲ, ಗುಮಾಸ್ತೆಯ ಹರಿದ ಚೀಲದ ಜಿಪ್ಪನ್ನು ಕೂತಲ್ಲೇ ಹೊಲಿದುಕೊಟ್ಟಳು. ಅಲ್ಲಿನ ಡಾಕ್ಟರಮ್ಮ ಹಳೆಯ ಕಾಗದವೆಲ್ಲ ತರಿಸಿ ನೋಡಿ, ಮೂರು ವಾರದ ಮೇಲೆ ಶುರು ಎಂದು ಬರೆದರು. ದುಡ್ಡು ಖಾಸಗಿಯ ಹತ್ತರಲ್ಲಿ ಒಂದು ಪಾಲು.

ಆ ಕಾಗದ ನೋಡಿ ಕಿರಿಸೊಸೆಯ ಮುಖ ಸಣ್ಣದಾಯಿತು.

"ಅಲ್ಲಿಗಾ ಅಕ್ಕಾ? ಬೆಂಚಿಲ್ಲ, ಫ್ಯಾನಿಲ್ಲ. ಇವರಿಗೆ ಅಭ್ಯಾಸ ಇಲ್ಲ."

"ನಮ್ಮವರೇನು ಹುಟ್ಟುತ್ತಲೇ ಅಭ್ಯಾಸ ಮಾಡ್ಕೊಂಡು ಬಂದಿದ್ರಾ?"

"ನೀವು ಸೇಡು ತೀರಿಸ್ಕೊಳ್ತಿದೀರಿ."

"ಹೌದು, ಸ್ವಲ್ಪ," ಅಂದಳು ಹಿರಿಸೊಸೆ. "ಸೇಡಿಗೆ ಮೂರು ದಿನ ಸಾಲಲ್ಲಿ ನಿಂತಿದೀನಿ. ನನ್ನ ಸೇಡು ನಾನು ಇಟ್ಕೊಳ್ತೀನಿ, ನಿನ್ನ ಗಂಡನ್ನ ನೀನು ಇಟ್ಕೋ. ಮೊದಲು ಸ್ಕ್ಯಾನ್ ಮಾಡ್ತಾರಂತೆ, ಸೋಮವಾರ ಆರೂವರೆಗೆ ಅಲ್ಲಿರಬೇಕು."

ಮುಳ್ಳು ಮಾತ್ರ ಜಗ್ಗಲಿಲ್ಲ. "ಬೇಡ ಅಂದ್ನಲ್ಲ ಅತ್ತಿಗೆ."

ಹಿರಿಸೊಸೆ ಅವನೆದುರು ನೆಲಕ್ಕೆ ಕೂತಳು. ನಲವತ್ತು ವರ್ಷದಲ್ಲಿ ಆಕೆ ಮೈದುನನ ಮುಂದೆ ಹಾಗೆ ಕೂತದ್ದಿಲ್ಲ.

"ನೋಡಪ್ಪ. ‘ಅಣ್ಣನಿಗಿಂತ ಕಡಿಮೆ’ ಅಂತ ಮೊದಲು ಅಂದವಳು ನಾನು. ಲೆಕ್ಕ ಬರದೆ ಅಂದಿದ್ದಲ್ಲ. ಹೊಟ್ಟೆ ಉರಿದು ಅಂದಿದ್ದು. ನೀನು ಅದನ್ನ ನಂಬ್ಕೊಂಡು ಕೂತೆ. ಈಗ ನೀನು ಹೋಗದೆ ಏನಾದ್ರೂ ಆದ್ರೆ, ಆ ಮಾತು ಹೊತ್ಕೊಂಡು ಓಡಾಡೋಳು ನಾನು. ನಿನಗೋಸ್ಕರ ಅಲ್ಲ, ನನಗೋಸ್ಕರ ಹೋಗು."

ಮುಳ್ಳು ಬಹಳ ಹೊತ್ತು ತಕ್ಕಡಿಯ ತಟ್ಟೆ ಉಜ್ಜಿದ. ಅದು ಆಗಲೇ ಕನ್ನಡಿಯಂತಾಗಿತ್ತು.

"ಕೋಣೆ ವಿಷಯ ಇನ್ನು ಎತ್ತಲ್ಲ ಅಂತೀರಾ?"

"ಅದು ಹೇಳೋಕಾಗಲ್ಲ," ಅಂದಳು ಆಕೆ. "ಪ್ರಯತ್ನ ಪಡ್ತೀನಿ."

ಅವನಿಗೆ ನಗು ಬಂತು. ಸೋಮವಾರ ಹೋದ.

ವಿಕಿರಣಕ್ಕೆ ಮೊದಲು ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ತಡೆದು ಕೂರಬೇಕು. ಜೊತೆಗೆ ಕಲ್ಲುವೇ ಹೋಗುತ್ತಿದ್ದ. "ತಡೆಯೋದು ಹೇಗೆ ಅಂತ ನನ್ನ ಕೇಳ್ತೀಯಲ್ಲೋ, ಸೋರೋ ನಲ್ಲಿ ಹತ್ರ ಬೀಗ ಕೇಳಿದ ಹಾಗೆ" ಎಂದು ಅಣ್ಣ ಅಂದನಂತೆ. ತಮ್ಮ ನಕ್ಕು ನಕ್ಕು ಅಲ್ಲೇ ಅರ್ಧ ಬಿಟ್ಟುಕೊಂಡನಂತೆ. ಇನ್ನೊಮ್ಮೆ ನೀರು ಕುಡಿದು ಒಂದು ಗಂಟೆ ಕಾಯಬೇಕಾಯಿತಂತೆ. ಇದನ್ನೆಲ್ಲ ಇಬ್ಬರೂ ಬಾಗಿಲಲ್ಲೇ ನಿಂತು ಹೇಳಿ ಮತ್ತೆ ನಗುತ್ತಿದ್ದರು. ಎರಡನೇ ವಾರದಿಂದ ಆಸ್ಪತ್ರೆಯ ಎದುರಿನ ಕ್ಯಾಂಟೀನಿನಲ್ಲೇ ತಿಂಡಿ ಮುಗಿಸಿ ಬರತೊಡಗಿದರು.

ಹಿರಿಸೊಸೆಗೆ ಅದನ್ನೂ ಸಹಿಸಲಾಗಲಿಲ್ಲ.

"ನನ್ನ ಆಪರೇಷನ್ ಹೊತ್ತಲ್ಲಿ ನಿಮ್ಮ ತಮ್ಮ ಎಷ್ಟು ದಿನ ಬಂದಿದ್ದ?"

"ನಿನ್ನದಲ್ಲ ಕಣೇ, ನನ್ನ ಆಪರೇಷನ್ನು," ಅಂದ ಕಲ್ಲು.

"ಬಟ್ಟೆ ಒಗೆದವರದ್ದೂ ಆಪರೇಷನ್ನೇ."

ಕಲ್ಲು, "ಅದು ನಿಜ," ಅಂದ. ಹನ್ನೊಂದು ವರ್ಷದಲ್ಲಿ ಅವನು ಹಾಗೆ ಅಂದದ್ದು ಅದೇ ಮೊದಲು. ಮಾರನೇ ದಿನ ಹಿತ್ತಿಲಿಗೆ ಹೋಗಿ ತನ್ನ ಬಟ್ಟೆ ತಾನೇ ಒಗೆದ. ಸೋಪು ಸರಿಯಾಗಿ ಹೋಗಿರಲಿಲ್ಲ. ಆಕೆ ಇನ್ನೊಮ್ಮೆ ಜಾಲಿಸಿದಳು.

ಐದನೇ ವಾರಕ್ಕೆ ಮುಳ್ಳು ಸೋತ. ದಿನಕ್ಕೆ ಹತ್ತು ಸಲ ಬಚ್ಚಲಿಗೆ ಓಡುವುದು, ಉರಿ, ಸುಸ್ತು. ಒಂಬತ್ತು ವರ್ಷ ಒಣಗಿದ್ದವನಿಗೆ ಜಿನುಗುವುದೂ ಶುರುವಾಯಿತು. ಒಂದು ಮಧ್ಯಾಹ್ನ ಕಿರಿಸೊಸೆ ಹಳೇ ಹಾಸುಬಟ್ಟೆಯೊಂದನ್ನು ಹಿಡಿದು ನಡುಮನೆಯ ಮೂಲೆಯಲ್ಲಿದ್ದ ಹಿರಿಸೊಸೆಯ ಹಳೇ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳು.

"ಎಷ್ಟು ಮಡಿಕೆ ಹಾಕ್ತೀರಿ ಅಕ್ಕಾ?"

"ಆರು. ಅಂಚು ಹೊರಗೆ ಬರಬಾರದು, ತೊಡೆ ಉಜ್ಜುತ್ತೆ." ಬಟ್ಟೆ ಇಸಿದುಕೊಂಡು ಕತ್ತರಿಸಿದಳು. "ಇದನ್ನ ಅನುಭವಿಸಲಿ ಅಂತ ಅನ್ಕೊಂಡಿದ್ದೆ ಕಣೇ ನಾನು. ನೀನೂ ಒಗೀಬೇಕು ಅಂತ."

"ಗೊತ್ತು. ನನಗೂ ಒಂದಿತ್ತು."

"ನಿನಗೇನಿತ್ತು?"

"ನಿಮ್ಮವರ ಚೀಟಿ ಯಾವತ್ತೂ ಬದಲಾಗ್ತಿರಲಿಲ್ಲ. ಕೋಣೆ ಮಾರಿ ಮಾಡಿಸಿದ್ದು ನಾವು, ನಿಶ್ಚಿಂತೆ ನಿಮಗೆ. ಒಳಗೊಳಗೇ ಉರೀತಿದ್ದೆ."

ಹಿರಿಸೊಸೆ ಯಂತ್ರ ತುಳಿದಳು, ಕಿರಿಸೊಸೆ ಮುಂದಿನ ಬಟ್ಟೆಗೆ ಆರು ಮಡಿಕೆ ಹಾಕಿದಳು.

ಮೂವತ್ತಮೂರು ಸಲ ಮುಗಿದು ಆರು ತಿಂಗಳಾದ ಮೇಲೆ ಹಿರಿಸೊಸೆಯೊಬ್ಬಳೇ ಡಾಕ್ಟರಮ್ಮನ ಬಳಿಗೆ ಹೋದಳು. ಮುಳ್ಳುವಿನ ರಕ್ತವನ್ನು ಹಿಂದಿನಂತೆ ಖಾಸಗಿ ಆಸ್ಪತ್ರೆಯಲ್ಲೇ ನೋಡಿಸಿದ ವರದಿ ಕೈಯಲ್ಲಿತ್ತು. 0.06. ಇಳಿದಿದೆ, ಹೀಗೇ ಉಳಿಯಬೇಕು, ನೋಡುತ್ತಲೇ ಇರಬೇಕು ಎಂದರು.

"ರೋಬೋಟ್ ಕೈಕೊಟ್ಟಿತಾ ಅಮ್ಮಾ?" ಎಂದು ಆಕೆ ಕೇಳಿದಳು.

"ರೋಬೋಟ್ ತಾನಾಗೇ ಕೊಯ್ಯಲ್ಲ. ಡಾಕ್ಟರೇ ಕೂತು ಆಡಿಸ್ತಾರೆ. ಅದರಲ್ಲಿ ರಕ್ತ ಕಡಿಮೆ ಹೋಗುತ್ತೆ, ಬೇಗ ಮನೆಗೆ ಹೋಗಬಹುದು. ಹತ್ತು ವರ್ಷದ ಮೇಲೆ ಕ್ಯಾನ್ಸರ್ ಮರಳುತ್ತಾ ಇಲ್ವಾ ಅನ್ನೋದ್ರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಅದು ಕಾಯಿಲೆಯ ಗುಣ, ಎಷ್ಟು ಹರಡಿತ್ತು ಅನ್ನೋದರ ಮೇಲೆ."

"ಒಂದು ವರ್ಷ ಮೊದಲೇ ಕರ್ಕೊಂಡು ಬಂದಿದ್ರೆ?"

ಡಾಕ್ಟರಮ್ಮ ಆಕೆಯ ಮುಖ ನೋಡಿದರು. "ಬೇಗ ಬಂದಷ್ಟೂ ಒಳ್ಳೇದು. ಆ ಒಂದು ವರ್ಷದಿಂದ ಎಷ್ಟು ನಷ್ಟ ಆಯ್ತು ಅಂತ ಹೇಳೋಕೆ ನನ್ನ ಹತ್ರ ಅಳತೆ ಇಲ್ಲ."

ಮನೆಗೆ ಬಂದು ಆಕೆ ಅದನ್ನು ಹಾಗೆಯೇ ಮೈದುನನಿಗೆ ಹೇಳಿದಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅವನು ಕೇಳಿಸಿಕೊಂಡು, "ಊಟಕ್ಕೆ ಏನಿದೆ ಅತ್ತಿಗೆ?" ಅಂದ.

ಸಂಖ್ಯೆ ಇಳಿಯಿತು. ಮುಳ್ಳು ಅರ್ಧ ದಿನ ಕಟ್ಟೆಯಲ್ಲಿ ಕೂರುವಷ್ಟಾದ. ಕೋಣೆ ಬರಲಿಲ್ಲ, ಬರುವುದೂ ಇಲ್ಲ. ಡಾಕ್ಟರ ಬಳಿಗೆ ಹೋಗಬಹುದಾಗಿದ್ದ ಒಂದು ವರ್ಷ ಹೋಯಿತು, ಅದು ಹೋದದ್ದು ಹಿರಿಸೊಸೆಯ ಮಾತಿನಿಂದ.